ಬೆಟ್ಟದಲ್ಲಿ ಮಾತ್ರ ನಡುಗುತ್ತಿದ್ದ ಸ್ಟೀರಿಂಗ್

2023ರಲ್ಲಿ ನಾನು ಮೈಸೂರಿನ ಒಂದು ಕಾರು ಸರ್ವಿಸ್ ಸೆಂಟರಿನಲ್ಲಿ ವರ್ಕ್ಸ್ ಮ್ಯಾನೇಜರ್ ಆಗಿದ್ದೆ. ಡಿಪ್ಲೊಮಾ ಮುಗಿಸಿ ಈ ಕಸುಬಿಗೆ ಇಳಿದಾಗ ಕೃಷ್ಣಮೂರ್ತಿಪುರಂನ ನಮ್ಮ ಮನೆಯಲ್ಲಿ ಸಣ್ಣ ರಂಪವೇ ಆಗಿತ್ತು. ಅಜ್ಜ ಅರಮನೆಯ ನೌಕರಿಯಲ್ಲಿದ್ದವರು, ಅಪ್ಪ ಸಂಸ್ಕೃತದ ಮೇಷ್ಟ್ರು, ಮಗಳು ನೋಡಿದರೆ ಕೈತುಂಬ ಗ್ರೀಸ್ ಮೆತ್ತಿಕೊಂಡು ಮನೆಗೆ ಬರುತ್ತಿದ್ದಳು. ಬರುಬರುತ್ತಾ ಎಲ್ಲರಿಗೂ ಅಭ್ಯಾಸವಾಯಿತು. ನನಗೆ ಅಭ್ಯಾಸದ ಜೊತೆಗೆ ಒಂದಿಷ್ಟು ಜಂಬವೂ ಬಂತು. ಎಂಥ ಗಾಡಿಯಾದರೂ ಸರಿ, ಒಂದು ಸುತ್ತು ಓಡಿಸಿ ಅದರ ಕಾಯಿಲೆ ಹೇಳಿಬಿಡುತ್ತೇನೆ ಎಂದು ನಂಬಿಕೊಂಡಿದ್ದೆ. ಆ ಜಂಬವನ್ನು ಚೆನ್ನಾಗಿ ಆಟವಾಡಿಸಿದ ಗಾಡಿಯೊಂದರ ಕಥೆ ಇದು.

ಗಾಡಿ ಪುಟ್ಟಸ್ವಾಮಿಗೌಡರದ್ದು. ಶ್ರೀರಾಂಪುರದಲ್ಲಿ ಅವರದೊಂದು ಸಸಿಗಳ ನರ್ಸರಿ. ಅರವತ್ತೆಂಟು ವಯಸ್ಸಿನ ಗಟ್ಟಿ ಆಳು. ಹಳ್ಳಿಗಳ ತೋಟಗಳಿಗೆ ಸಸಿ ತಲುಪಿಸಲು ಅನುಕೂಲವಾಗಲೆಂದು ಆರು ತಿಂಗಳ ಹಿಂದಷ್ಟೇ ಫೋರ್ ವೀಲ್ ಡ್ರೈವ್ ಗಾಡಿ ಕೊಂಡಿದ್ದರು. ಮಾಮೂಲಿ ರಸ್ತೆಯಲ್ಲಿ ಇಂಥ ಗಾಡಿಯ ಎಂಜಿನ್ ಬಲ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ಕೆಸರಿನಲ್ಲಿ ಹೂತುಕೊಂಡರೆ ಒಂದು ಗುಂಡಿಯನ್ನು 2H ಎಂಬಲ್ಲಿಂದ 4H ಎಂಬಲ್ಲಿಗೆ ತಿರುಗಿಸಬೇಕು. ಆಗ ಮುಂದಿನ ಚಕ್ರಗಳೂ ಎಳೆಯಲು ಶುರುಮಾಡುತ್ತವೆ.

"ತಿರುವಿನಾಗೆ ಸ್ಟೇರಿಂಗು ಗಡಗಡಾಂತ ನಡುಗ್ತದೆ ಕಣಮ್ಮ. ಕೆಳಗಡೆಯಿಂದ ಟಕ್ ಟಕ್ ಅಂತ ಸದ್ದು ಬೇರೆ" ಎಂದರು ಗೌಡರು.

ಜೊತೆಯಲ್ಲಿ ಮಗಳು ಸುಮಾ ಬಂದಿದ್ದಳು. ಗೋಕುಲಂನಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ಇಟ್ಟುಕೊಂಡು, ಯೋಗ ಕಲಿಯಲು ಬಂದು ಮಂಡಿ ಉಳುಕಿಸಿಕೊಂಡ ವಿದೇಶಿಯರನ್ನು ನೆಟ್ಟಗೆ ನಡೆಸುತ್ತಿದ್ದ ಹುಡುಗಿ. ಅಪ್ಪ ಗಾಡಿಯ ಹತ್ತಿರ ಹೋದಾಗ ನನ್ನನ್ನು ಪಕ್ಕಕ್ಕೆ ಕರೆದಳು.

"ಮೇಡಂ, ನಾನು ಎಷ್ಟೋ ಸಲ ಈ ಗಾಡಿ ಓಡ್ಸಿದೀನಿ, ಏನೂ ಆಗಿಲ್ಲ. ಹೋದ ತಿಂಗಳು ಅಪ್ಪ ಓಡಿಸ್ತಿರುವಾಗ ಹಿಂದಿನ ಸೀಟಲ್ಲಿ ಕೂತಿದ್ದೆ. ಸ್ಟೀರಿಂಗ್ ಮೇಲೆ ಅವರ ಎರಡೂ ಕೈ ನಡುಗ್ತಿತ್ತು, ಕಣ್ಣಾರೆ ನೋಡ್ದೆ. ಗಾಡಿ ಸರಿಯಿದೆ ಅಂತ ನೀವು ಹೇಳಿಬಿಟ್ರೆ ಅವರು ಕೀ ಕೊಟ್ಬಿಡ್ತಾರೆ. ಗಾಡಿ ಕೊಂಡ್ಕೊಳ್ಳೋಕೆ ಅಂತ ಭಾನುವಾರ ಒಬ್ರು ನೋಡೋಕೆ ಬರ್ತಾರೆ."

ಅವಳ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಶುದ್ಧ ಭಯವಿತ್ತು. ನರರೋಗ ತಜ್ಞರ ಬಳಿ ಅಪ್ಪನ ಹೆಸರನ್ನೂ ಬರೆಸಿಯಾಗಿತ್ತು. ಹಾಗಾಗಿ ನಾನು ಪರೀಕ್ಷಿಸಬೇಕಾದದ್ದು ಗಾಡಿಯೊಂದನ್ನೇ ಅಲ್ಲ, ಗೌಡರ ಕೈಗಳನ್ನೂ ಎಂದಾಯಿತು.

ಸ್ಟೀರಿಂಗ್ ನಡುಗಿದರೆ ನಾವು ಮೊದಲು ಕೇಳುವುದು ಯಾವಾಗ ನಡುಗುತ್ತದೆ ಎಂದು. ಎಂಬತ್ತು ಕಿಲೋಮೀಟರ್ ವೇಗ ದಾಟಿದಾಗ ಎಂದರೆ ಸಾಮಾನ್ಯವಾಗಿ ಚಕ್ರದ ತೂಕ ಎಲ್ಲ ಕಡೆ ಸಮನಾಗಿಲ್ಲ, ಬ್ಯಾಲೆನ್ಸಿಂಗ್ ಮಾಡಬೇಕು. ಬ್ರೇಕ್ ಒತ್ತಿದಾಗ ಎಂದರೆ ಬ್ರೇಕ್ ಡಿಸ್ಕಿನ ಮೇಲೆ ಅನುಮಾನ. ತಿರುವಿನಲ್ಲಿ, ಅದೂ ಸದ್ದಿನ ಜೊತೆಗೆ ಎಂದರೆ ಬಾಲ್ ಜಾಯಿಂಟ್, ವೀಲ್ ಬೇರಿಂಗ್, ಚಕ್ರಕ್ಕೆ ಬಲ ಒಯ್ಯುವ ಆಕ್ಸಲ್‌ಗಳ ಕೀಲುಗಳನ್ನು ನೋಡಬೇಕು. ಗಾಡಿಯನ್ನು ಲಿಫ್ಟ್ ಮೇಲೇರಿಸಿ ಒಂದೊಂದನ್ನೂ ಹಿಡಿದು ಅಲುಗಾಡಿಸಿದೆವು. ಎಲ್ಲವೂ ಕಲ್ಲಿನ ಹಾಗೆ ಗಟ್ಟಿ. 4H ಹಾಕಿಕೊಂಡು ಟಾರು ರಸ್ತೆಯಲ್ಲಿ ಓಡಿಸುತ್ತೀರಾ ಎಂದೂ ಗೌಡರನ್ನು ಕೇಳಿದೆ.

"ಎಲ್ಲಾದ್ರೂ ಉಂಟಾ! ಆ ಗುಂಡಿ ನಾನು ಮುಟ್ಟೇ ಇಲ್ಲ. ನನ್ನ ಗಿಡಗಳಾಣೆ" ಎಂದರು.

ಸ್ಟೀರಿಂಗ್ ಮುಂದೆ ಅವರನ್ನೇ ಕೂರಿಸಿ ರಿಂಗ್ ರಸ್ತೆಯಲ್ಲಿ ಓಡಿಸಲು ಹೇಳಿದೆ. ಗಾಡಿ ಬೆಣ್ಣೆಯ ಹಾಗೆ ಓಡಿತು. ಬೆಟ್ಟ ಹತ್ತುವಾಗ ಮಾತ್ರ ಹೀಗಾಗುತ್ತದೆ ಎಂದರು. ಮಾರನೆಯ ದಿನ ನಾನೇ ಚಾಮುಂಡಿ ಬೆಟ್ಟ ಹತ್ತಿಸಿ ಇಳಿಸಿದೆ. ಆಗಲೂ ಅದು ಕಮಕ್ ಕಿಮಕ್ ಎನ್ನಲಿಲ್ಲ. ವಾಪಸು ಬಂದು ವಿಷಯ ಹೇಳಿದಾಗ ಗೌಡರು ಕಾಫಿ ಲೋಟ ಎತ್ತಿ ಮುಖದ ಮುಂದೆ ಹಿಡಿದುಕೊಂಡರು. ಕುಡಿಯಲಿಲ್ಲ. ಕಾಫಿ ತುಳುಕುತ್ತದೆಯೇ ಎಂದು ನೋಡುತ್ತಿದ್ದರು. ಇಷ್ಟು ಹೊತ್ತೂ ಗಾಡಿಯನ್ನು ದೂರುತ್ತಿದ್ದ ಮನುಷ್ಯ ಈಗ ತನ್ನನ್ನೇ ಅನುಮಾನಿಸಲು ಶುರುಮಾಡಿದ್ದರು.

ದೋಷ ಸಿಗಲಿಲ್ಲ ಎಂದು ಬರೆದು ಸಹಿ ಹಾಕುವುದೊಂದೇ ಬಾಕಿಯಿತ್ತು. ಆ ಮಾತು ಬರೆಯುವುದೆಂದರೆ ನನಗೆ ಮೊದಲಿನಿಂದಲೂ ಮೈಯೆಲ್ಲ ಉರಿ. ಗೌಡರು ಏಳುತ್ತಾ ಮೆಲ್ಲಗೆ ಕೇಳಿದರು: "ನಾಳೆ ಶುಕ್ರವಾರ. ನಾನೂ ನಮ್ಮ ಮನೆಯವ್ರೂ ಬೆಟ್ಟಕ್ಕೆ ಹೋಯ್ತೀವಿ. ಒಂದ್ಸಲ ನಮ್ಜೊತೆ ಬಂದ್ಬುಡಿ, ಆಮೇಲೆ ನೀವು ಹೇಳ್ದಂಗೆ."

ಶುಕ್ರವಾರ ಬೆಳಿಗ್ಗೆ ಅವರ ಮನೆಯ ಮುಂದೆ ನಿಂತಿದ್ದೆ. ಗೌಡರ ಹೆಂಡತಿ ಜಯಮ್ಮನವರನ್ನು ನೋಡಿದ್ದು ಅದೇ ಮೊದಲು. ಸ್ಟೀರಿಂಗಿಗೆ ಕುಂಕುಮ ಹಚ್ಚಿ, ಮೀಟರಿನ ಮೇಲೆ ಒಂದು ಮೊಳ ಮಲ್ಲಿಗೆ ಇಳಿಬಿಟ್ಟು, ಊದುಬತ್ತಿ ಬೆಳಗಿ ಮುಂದಿನ ಸೀಟಿನಲ್ಲಿ ಕೂತರು. ನಾನು ಹಿಂದೆ ಕೂತೆ. ಮಲ್ಲಿಗೆಯ ಮರೆಯಲ್ಲಿ ಅರ್ಧ ಮೀಟರೇ ಕಾಣುತ್ತಿರಲಿಲ್ಲ. ಆದರೂ ಆ ಘಮಕ್ಕೆ ಸುಮ್ಮನಾದೆ.

ಬೆಟ್ಟದ ಬುಡಕ್ಕೆ ಬಂದಾಗ ಗೌಡರು ಗಾಡಿಯ ವೇಗ ತಗ್ಗಿಸಿ ಒಂದು ಕೈ ಎದೆಗೆ ಒತ್ತಿಕೊಂಡರು. ಜಯಮ್ಮ ಕಣ್ಣುಮುಚ್ಚಿ ಕೈಮುಗಿದು, "ತಾಯಿ, ಚೆನ್ನಾಗಿ ಹತ್ತಿಸವ್ವ" ಎಂದರು. ಕಣ್ಣು ಬಿಟ್ಟವರೇ ಎಸಿ ಗುಂಡಿಗಳ ಕೆಳಗೆ ಕೈಚಾಚಿ ಏನನ್ನೋ ಟಕ್ಕೆಂದು ತಿರುಗಿಸಿದರು. ಮುಂದಿನ ದೊಡ್ಡ ತಿರುವಿನಲ್ಲಿ ಗಾಡಿ ಕೆಳಗಿನಿಂದ ಟಕ್ ಟಕ್ ಎಂದಿತು, ಸ್ಟೀರಿಂಗ್ ಅದುರಿತು, ಗೌಡರ ಎರಡೂ ಕೈ ಅದರ ಜೊತೆಗೇ ನಡುಗಿದವು.

"ಬಂತು! ನೋಡಿ, ಬಂತು!" ಎಂದು ಅವರು ಕೂಗಿದರು. ತನ್ನ ಗಾಡಿ ಕೆಟ್ಟಿದ್ದಕ್ಕೆ ಅಷ್ಟು ಖುಷಿಪಟ್ಟವರನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಲು ಹೇಳಿದೆ. ಬಗ್ಗಿ ಮಲ್ಲಿಗೆ ಸರಿಸಿ ನೋಡಿದರೆ ಹಿಂದೆ 4H ಎಂಬ ಹಸಿರು ದೀಪ ಉರಿಯುತ್ತಿತ್ತು.

"ಜಯಮ್ಮನವರೇ, ಈಗ ಏನು ತಿರುಗಿಸಿದಿರಿ?"

"ಬೆಟ್ಟದ ಗುಂಡಿ ಕಣವ್ವ. ಗಾಡಿ ತಕಂಡ ದಿನ ಇವ್ರು ಅತ್ಲಾಗೆ ಚಕ್ರಕ್ಕೆ ನಿಂಬೆಹಣ್ಣು ಇಡ್ತಿದ್ರು. ಸೋರೂಮಿನವ್ರು ನಂಗೆ ಹೇಳ್ಕೊಟ್ರು, ಬೆಟ್ಟಗುಡ್ಡ ಬಂದ್ರೆ ಇದನ್ನ ಇಂಗೆ ತಿರುಗಿಸ್ಬೇಕು ಅಂತ. ಅವತ್ತಿಂದ ನಾನೇ ಮಾಡ್ಕಂಡು ಬಂದಿವ್ನಿ. ಇಳಿದ್ಮೇಲೆ ಮರೀದೆ ವಾಪಸ್ಸೂ ತಿರುಗಿಸ್ತಿನಿ."

ಗೌಡರು ಹೆಂಡತಿಯ ಕಡೆ ತಿರುಗಿದರು. "ಅಲ್ಲ ಕಣೇ, ನಾನು ನೀನು ಎಸಿ ಆರಿಸ್ತಿದ್ದೀಯ ಅನ್ಕಂಡಿದ್ನಲ್ಲೇ!"

"ಎಸಿ ನಿಮ್ಮನ್ನ ಕೇಳ್ದೆ ಯಾವತ್ತು ಆರ್ಸಿದ್ದೆ?"

ಹಿಂದಿನ ಸೀಟಿನಲ್ಲಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮರ್ಯಾದೆಗಾದರೂ ಸುಮ್ಮನಿರಬೇಕಿತ್ತು, ಆಗಲಿಲ್ಲ. ಗೌಡರೂ ಶುರುಮಾಡಿದರು. ಜಯಮ್ಮನವರಿಗೆ ಮಾತ್ರ ನಗು ಬರಲಿಲ್ಲ. ಅವರಿಗೆ ಬಿಡಿಸಿ ಹೇಳಿದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸುತ್ತಬೇಕು. 4H ಹಾಕಿದಾಗ ಇಂಥ ಗಾಡಿಯಲ್ಲಿ ಮುಂದಿನವನ್ನೂ ಹಿಂದಿನವನ್ನೂ ಒಂದೇ ವೇಗಕ್ಕೆ ಕಟ್ಟಿಹಾಕಿದಂತೆ. ಮೂರು ಕಾಲಿನ ಓಟದಲ್ಲಿ ಕಾಲು ಕಟ್ಟಿಕೊಂಡ ಇಬ್ಬರು ನೆಟ್ಟಗೆ ಓಡಿ ತಿರುಗುವಾಗ ಮುಗ್ಗರಿಸುವುದಿಲ್ಲವೇ, ಹಾಗೆ. ಕೆಸರಿನಲ್ಲಿ ಚಕ್ರ ಜಾರಿ ಆ ಬಿಗಿ ಸಡಿಲವಾಗುತ್ತದೆ. ಒಣ ಟಾರಿನ ಮೇಲೆ ಜಾರಲು ದಾರಿಯಿಲ್ಲದೆ ಬಿಗಿ ಹೆಚ್ಚುತ್ತಾ ಹೋಗಿ ಸ್ಟೀರಿಂಗನ್ನೇ ಒದೆಯುತ್ತದೆ.

"ಅಯ್ಯೋ, ನನ್ನಿಂದ ಇವ್ರು ಇಷ್ಟು ದಿನ ಕೊರಗಿದ್ರಾ?" ಎಂದು ಜಯಮ್ಮ ಕಣ್ಣು ಒರೆಸಿಕೊಂಡರು.

"ಬುಡು ಬುಡು. ಕೈ ನೆಟ್ಟಗವೆ ಅಂತ ಗೊತ್ತಾಯ್ತಲ್ಲ" ಎಂದರು ಗೌಡರು. ಗುಂಡಿಯನ್ನು 2Hಗೆ ತಂದು ಬೆಟ್ಟ ಹತ್ತಿದರು. ಮೇಲೆ ದೇವರಿಗೆ ಕೈಮುಗಿದು ಇಳಿದವರು, ಬುಡದಲ್ಲಿ ಗಾಡಿ ತಿರುಗಿಸಿಕೊಂಡು ಮತ್ತೊಮ್ಮೆ ಹತ್ತಿದರು. ಯಾಕೆಂದು ನಾನು ಕೇಳಲಿಲ್ಲ.

ಇನ್ನು ಸುಮಾ ನಂಬಬೇಕಿತ್ತು. ಅಂದೇ ಸಂಜೆ ಅವಳನ್ನು ಕರೆಸಿ, ಸರ್ವಿಸ್ ಸೆಂಟರಿನ ಹಿಂದಿನ ಕಾಂಕ್ರೀಟ್ ಅಂಗಳದಲ್ಲಿ 4H ಹಾಕಿಕೊಟ್ಟು, ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಓಡಿಸು ಎಂದೆ. ಗಾಡಿ ಟಕ್ ಟಕ್ ಎಂದಿತು. ಗೌಡರು ಕಿಟಕಿಯ ಪಕ್ಕದಲ್ಲೇ ಹೆಜ್ಜೆ ಹಾಕುತ್ತಿದ್ದರು.

"ಮಗಾ, ನಿನ್ನ ಕೈ ನಡುಗ್ತಾವಲ್ಲ! ಯಾರಾದ್ರೂ ಡಾಕ್ಟ್ರಿಗೆ ತೋರ್ಸನಾ?"

ಸುಮಾ ತನ್ನ ಕೈಗಳನ್ನು ನೋಡಿಕೊಂಡಳು. ನಗಲು ಹೋಗಿ ಅತ್ತಳು. ಇಳಿದು ಬಂದು ಅಪ್ಪನ ಎರಡೂ ಕೈ ಹಿಡಿದುಕೊಂಡು, "ಸಾರಿ ಅಪ್ಪ" ಎಂದಳು. ಭಾನುವಾರ ಬರಬೇಕಿದ್ದವರಿಗೆ ಅಲ್ಲಿಂದಲೇ ಫೋನ್ ಮಾಡಿ, ಗಾಡಿ ಮಾರುವುದಿಲ್ಲ ಎಂದು ತಿಳಿಸಿದಳು.

ಗಾಡಿ ನಡುಗಿತು ಎಂದು ಗಿರಾಕಿ ಹೇಳಿದರೆ ಎಲ್ಲೋ ನಡುಗಿಯೇ ಇರುತ್ತದೆ ಎಂಬುದನ್ನು ಆ ಗಾಡಿ ನನಗೆ ಕಲಿಸಿತು. ಅವರ ದಾರಿಯಲ್ಲಿ, ಅವರ ದಿನದಂದು, ಪಕ್ಕದ ಸೀಟಿನವರನ್ನೂ ಕೂರಿಸಿಕೊಂಡು ಹೋಗಿಬರುವ ತನಕ ದೋಷವಿಲ್ಲ ಎಂದು ಬರೆಯಬಾರದು. ಆ ಶುಕ್ರವಾರ ನಾನು ಹೋಗದಿದ್ದರೆ ಆರೋಗ್ಯವಂತ ಮನುಷ್ಯರೊಬ್ಬರು ತಮ್ಮ ಕೈಗೇ ರೋಗವೆಂದು ನಂಬಿ ಕೀ ಒಪ್ಪಿಸಿಬಿಡುತ್ತಿದ್ದರು. ಅದಕ್ಕೆ ನನ್ನ ಸಹಿಯೇ ಸಾಕ್ಷಿಯಾಗುತ್ತಿತ್ತು.

ನಾನು ನಿವೃತ್ತಳಾಗುವ ಮುಂಚೆ ಗೌಡರ ನರ್ಸರಿಗೆ ಒಮ್ಮೆ ಹೋಗಿದ್ದೆ. ಹಿಂದಿನ ದಿನ ಜೋರು ಮಳೆಯಾಗಿ ಸಸಿ ತುಂಬಿದ್ದ ಗಾಡಿ ಕೆಸರಿನಲ್ಲಿ ಹೂತಿತ್ತು. ಗೌಡರು ಸ್ಟೀರಿಂಗ್ ಹಿಡಿದು ಕೂತಿದ್ದರು. ಗುಂಡಿ ಅವರ ಕೈಗೂ ಎಟುಕುವಂತಿತ್ತು, ಆದರೂ ಅವರು ಅದನ್ನು ಮುಟ್ಟಲಿಲ್ಲ. ಸೆರಗು ಸಿಕ್ಕಿಸಿಕೊಂಡು ಮನೆಯೊಳಗಿನಿಂದ ಜಯಮ್ಮ ಬಂದು ಪಕ್ಕದಲ್ಲಿ ಕೂರುವ ತನಕ ಕಾದರು. ಆಮೇಲೆ, "ಊಂ, ಈಗ ತಿರುಗ್ಸು" ಎಂದರು.