ಐತಾಳರು ಪ್ರೊಸೆಸರ್ ಆರಿಸಿದ್ದು

ಗೋಪಾಲ ಐತಾಳರ ಮನೆಯಲ್ಲಿ ಮುಚ್ಚದೆ ಇಟ್ಟ ವಸ್ತು ಒಂದೂ ಇರಲಿಲ್ಲ. ಹಾಲು, ಹಿಟ್ಟು, ಉಪ್ಪಿನಕಾಯಿ ಸರಿ. ರೇಡಿಯೊ, ಟೀವಿಯ ರಿಮೋಟು, ಕೊನೆಗೆ ಅವರ ಕನ್ನಡಕಕ್ಕೂ ಹಳೆಯ ಪಂಚೆಯ ತುಂಡೊಂದು ಹೊದಿಕೆಯಾಗಿರುತ್ತಿತ್ತು. ಕುಂದಾಪುರದ ಕಡೆಯವರು. ಚೆನ್ನೈಯ ಕೀಲ್ಪಾಕಿನ ಸಸ್ಯಾಹಾರಿ ಹೋಟೆಲೊಂದರ ಅಡುಗೆಮನೆಯನ್ನು ಜೀವಮಾನವಿಡೀ ನಡೆಸಿದವರು. ನಾನು ನಕ್ಕರೆ, “ಹಿಟ್ಟ್ ಯಾವ್ದು, ರೇಡಿಯೊ ಯಾವ್ದು ಅಂತ ನೊಣಕ್ಕೆ ಗೊತ್ತಿತ್ತಾ ರಾಯ್ರೇ?” ಎನ್ನುತ್ತಿದ್ದರು.

ಅವರು ಮಹಡಿಯಲ್ಲಿ, ನಾನು ಕೆಳಗೆ. ಭಾನುವಾರದ ಸ್ನಾನ, ತಿಂಡಿ, ಪತ್ರಿಕೆ ಮುಗಿದ ಮೇಲೆ ಅವರ ಮನೆಗೆ ಹೋಗುವುದು ನನ್ನ ಕ್ರಮ. ಒಂದು ಭಾನುವಾರ ನೋಡುತ್ತೇನೆ, ಎಪ್ಪತ್ತು ದಾಟಿದ ಆ ಮನುಷ್ಯ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಂಪ್ಯೂಟರಿನಲ್ಲಿ ಕಾರು ಓಡಿಸುತ್ತಿದ್ದಾರೆ!

ಕಾರಣ ಮೊಮ್ಮಗಳು ನಂದಿತಾ. ಐತಾಳರ ಮಗಳು ಅಳಿಯ ಬೇರೆಯಾದ ಮೇಲೆ ಹುಡುಗಿ ಅಪ್ಪನ ಜೊತೆ ಕೊಯಮತ್ತೂರಿನಲ್ಲಿ ಉಳಿದಳು. ಇವರು ಫೋನ್ ಮಾಡಿದರೆ “ನಲ್ಲಾ ಇರುಕ್ಕೇನ್ ತಾತಾ”, ಚೆನ್ನಾಗಿದ್ದೇನೆ, ಎಂದು ತಮಿಳಿನಲ್ಲಿ ಹೇಳಿ ಇಟ್ಟುಬಿಡುತ್ತಿದ್ದಳು. ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಆದರೆ ಇಂಟರ್ನೆಟ್ಟಿನಲ್ಲಿ ತಾತನ ಜೊತೆ ಕಾರಿನ ಆಟಕ್ಕೆ ಕೂತಳೆಂದರೆ ಮಾತಿಗೆ ತಡೆಯಿಲ್ಲ. ಶಾಲೆ, ಗೆಳತಿಯರು, ಅಪ್ಪನ ಅಡುಗೆ, ಎಲ್ಲವೂ ಬರುತ್ತಿತ್ತು. ಕಷ್ಟವೆಂದರೆ ಐತಾಳರ ಕಂಪ್ಯೂಟರ್ ಮುದುಕ. ಅವಳು ಗುರಿ ಮುಟ್ಟಿದಾಗಲೂ ಇವರ ಕಾರು ಗೋಡೆಗೆ ಮುಖ ಮಾಡಿ ನಿಂತಿರುತ್ತಿತ್ತು. “ನೀಂಗ ವೇಂಡಾಂ ತಾತಾ, ನಾನ್ ಫ್ರೆಂಡ್ಸ್ ಕೂಡ ವಿಳೆಯಾಡಿಕ್ಕಿರೇನ್” ಎಂದಳಂತೆ ಒಂದು ದಿನ, ನೀವು ಬೇಡ, ಗೆಳತಿಯರ ಜೊತೆ ಆಡಿಕೊಳ್ಳುತ್ತೇನೆ ಎಂದು. ಅಂದಿನಿಂದ ಐತಾಳರಿಗೆ ಊಟ ಸೇರಲಿಲ್ಲ. ಹೊಸ ಪ್ರೊಸೆಸರ್ ಹಾಕಿಸುವುದೆಂದು ತೀರ್ಮಾನವಾಯಿತು.

ಅಂಗಡಿಗೆ ನಾನೂ ಹೋದೆ. ಎರಡು ಪ್ರೊಸೆಸರ್ ಮುಂದಿಟ್ಟರು. ಒಂದರಲ್ಲಿ ಹದಿನಾರು ಕೋರ್, ಅಂದರೆ ಕೆಲಸ ಮಾಡುವ ಕೈಗಳು, ಇನ್ನೊಂದರಲ್ಲಿ ಎಂಟು. ಹದಿನಾರು ಹೆಚ್ಚು, ಅದನ್ನೇ ಕಟ್ಟಿಸಿ ಎಂದೆ. ಐತಾಳರು ಒಪ್ಪಲಿಲ್ಲ. “ತಡೀನಿ ಮಾರಾಯ್ರೆ, ಆ ಹೆಣ್ಣನ್ನ ಕೇಂಬ” ಎಂದು ಮೊಮ್ಮಗಳಿಗೆ ಫೋನ್ ಹಚ್ಚಿದರು. ಹುಡುಗಿ ಕಾಲು ಗಂಟೆ ಪಾಠ ಮಾಡಿದಳು. ಈ ಆಟಕ್ಕೆ ಹದಿನಾರು ಕೋರ್ ದಂಡ, ಎಂಟೇ ಸಾಕು. ಆದರೆ ಪ್ರೊಸೆಸರಿನ ಒಳಗೇ ಹೆಚ್ಚು ಮೆಮೊರಿ ಇರುವುದನ್ನು ನೋಡಿ ತೆಗೆದುಕೊಳ್ಳಬೇಕು. “ಚಟ್ನಿ ಪಾತ್ರೆ ದೋಸೆಕಲ್ಲಿನ ಹತ್ರವೇ ಇರ್ಕ್, ಹಾಂಗಾ?” ಎಂದು ಐತಾಳರು ಕೇಳಿದರೆ ಅತ್ತಲಿಂದ ದೊಡ್ಡ ನಗು.

ಇಷ್ಟಾದ ಮೇಲೆ ಕೊಳ್ಳಬೇಕಷ್ಟೆ? ಬರಿಗೈಯಲ್ಲಿ ಬಂದೆವು. ಮುಂದಿನ ವಾರ ಬೇರೊಂದು ಕಂಪನಿಯ ಮಾದರಿ, ಅದರ ಮುಂದಿನ ವಾರ ಫ್ಯಾನಿನ ಅನುಮಾನ. “ಸಾರ್, ಇನ್ನೈಕ್ಕಾವದು ಮುಡಿವು ಪಣ್ಣುಂಗೋ” ಎಂದು ಅಂಗಡಿಯವನು ಕೈಮುಗಿದ. ಇವತ್ತಾದರೂ ತೀರ್ಮಾನಿಸಿ ಎಂಬ ಅವನ ಬೇಡಿಕೆ ನನ್ನದೂ ಆಗಿತ್ತು. ತೀರ್ಮಾನಿಸದೆ ತಿರುಗುವುದು ನನ್ನ ಜಾಯಮಾನಕ್ಕೆ ಆಗದು. ದಾರಿಯಲ್ಲಿ ಗದರಿದೆ.

“ಆರ್ಸಿ ಆಯ್ತ್ ರಾಯ್ರೇ, ಮೊದಲ್ನೇ ದಿನವೇ. ಅವ್ಳ್ ಹೇಳಿದ್ದೇ,” ಎಂದರು ಐತಾಳರು, ಬಸ್ಸಿನ ಕಿಟಕಿಯಾಚೆ ನೋಡುತ್ತ. “ಈಗ ದಿನಾ ಅವ್ಳೇ ಫೋನ್ ಮಾಡಿ ‘ತಾತಾ, ಎದು ವಾಂಗಪ್ಪೋರೀಂಗ’, ಯಾವ್ದ್ ತಕಂತ್ರಿ ಅಂತ ಕೇಂತಾಳೆ. ತಕಂಡ್ರೆ ಮತ್ತೆ ಫೋನ್ ಮಾಡೂಕೆ ಅವ್ಳಿಗೆ ಎಂತ ಇತ್ತ್?”

ಇಳಿಯುವ ನಿಲ್ದಾಣ ಬಂದಾಗ, “ಕಂಪ್ಯೂಟರಿಗೆ ವಿದ್ಯುತ್ ಕೊಡುವ ಪೆಟ್ಟಿಗೆ ಈ ಪ್ರೊಸೆಸರಿಗೆ ಸಾಕಾಗುತ್ತದೋ ಕೇಳಿದಿರಾ?” ಎಂದೆ. ಐತಾಳರ ಮುಖ ಅರಳಿತು. “ಅದೊಂದ್ ಬಾಕಿ ಇತ್ತಲ್ದಾ!” ಎಂದು ಅಲ್ಲೇ ಫೋನ್ ತೆಗೆದರು.

ಕೊನೆಗೆ ಬೇಸತ್ತವಳು ಹುಡುಗಿಯೇ. ರಜೆ ಬರುತ್ತಿದೆ, ಅಷ್ಟರಲ್ಲಿ ಹಾಕಿಸದಿದ್ದರೆ ತನ್ನ ತಂಡದಲ್ಲಿ ಜಾಗವಿಲ್ಲ ಎಂದಳು. ಮರುದಿನವೇ ಎಂಟು ಕೋರಿನದು ಬಂತು. ಮೊದಲ ಸುತ್ತಿನಲ್ಲಿ ಐತಾಳರ ಕಾರು ನಿಜಕ್ಕೂ ಹಾರಿತು. ಆಮೇಲೆ ಕುಂಟತೊಡಗಿತು, ಹಳೆಯದಕ್ಕಿಂತ ಕಡೆ. ಐತಾಳರ ಮುಖ ಕಪ್ಪಿಟ್ಟಿತು. ನಂದಿತಾ ವಿಡಿಯೊ ಕರೆ ಮಾಡಿ ಕಂಪ್ಯೂಟರಿನ ಪೆಟ್ಟಿಗೆಯನ್ನು ತೋರಿಸಲು ಹೇಳಿದಳು. ಪೆಟ್ಟಿಗೆಯ ಸುತ್ತ ಪಂಚೆ, ಗಾಳಿಯಾಡುವ ಕಿಂಡಿಗಳೆಲ್ಲ ಬಂದ್. ಚೆನ್ನೈಯ ಮೇ ತಿಂಗಳಿನಲ್ಲಿ ಪ್ರೊಸೆಸರ್ ಬೇಯುತ್ತಿತ್ತು.

“ಅಯ್ಯೋ ತಾತಾ! ಏನ್ ಮೂಡಿ ವೆಚ್ಚೀಂಗ?” ಯಾಕೆ ಮುಚ್ಚಿಟ್ಟಿರಿ ಎಂದು ಕಿರುಚಿದಳು.

“ಹೊಸತಲ್ದಾ ಮಗಾ, ಧೂಳು ಕೂತ್ಕಂತ್ ಅಂದೇಳಿ...”

ಹುಡುಗಿ ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು. ಆ ರಜೆಯುದ್ದಕ್ಕೂ ಆಟಕ್ಕೆ ಕೂರುವ ಮೊದಲು ಅವಳೇ ಕರೆದು ಪಂಚೆ ತೆಗೆದಿದ್ದಾರೋ ಎಂದು ತಪಾಸಣೆ ಮಾಡುತ್ತಿದ್ದಳು.

ನಾನು ಐತಾಳರನ್ನು ಜೀವಂತವಾಗಿ ಕೊನೆಯ ಬಾರಿ ಕಂಡದ್ದೂ ಒಂದು ಭಾನುವಾರ. ಬಾಗಿಲು ತೆರೆದಿತ್ತು. ಬಂದವರಿಗೆ ಕಾಫಿ ಕೊಡದೆ ಕಳಿಸಿದ್ದು ಆ ಮನೆಯ ಚರಿತ್ರೆಯಲ್ಲೇ ಇಲ್ಲ. ಅಂದು ಐತಾಳರು ತಲೆ ಎತ್ತಲಿಲ್ಲ. ಪರದೆಯ ಮೇಲೆ ಎರಡು ಕಾರುಗಳು ಒಂದರ ಪಕ್ಕ ಒಂದು ಓಡುತ್ತಿದ್ದವು. ನಂದಿತಾ ಏನೋ ಹೇಳುತ್ತಿದ್ದಳು, ಇವರು “ಹೂಂ ಮಗಾ, ಮತ್ತೆ?” ಎನ್ನುತ್ತಿದ್ದರು. ಹೆಗಲು ಮುಟ್ಟಿ ಮಾತಾಡಿಸಬಹುದಿತ್ತು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು, ಕಾಫಿ ಕುಡಿಯದೆ ಮೆಟ್ಟಿಲಿಳಿದೆ.