ಸಹಿ ನನ್ನದು, ನಕ್ಷೆ ಪಾರ್ವತಕ್ಕನದು

ಪಾರ್ವತಕ್ಕ ಮನೆಯ ನಕ್ಷೆಯನ್ನು ಮೊದಲು ಬರೆಯುತ್ತಿದ್ದುದು ಕಾಗದದ ಮೇಲಲ್ಲ, ಖಾಲಿ ನಿವೇಶನದ ನೆಲದ ಮೇಲೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಿಡಿಹಿಡಿ ಸುಣ್ಣದ ಪುಡಿ ಉದುರಿಸುತ್ತ ನಡುಮನೆ, ಅಡಿಗೆಮನೆ, ಬಚ್ಚಲು ಎಲ್ಲವನ್ನೂ ಕಟ್ಟುವಷ್ಟೇ ಅಳತೆಯಲ್ಲಿ ಎಳೆದುಬಿಡುತ್ತಿದ್ದರು. ಆಮೇಲೆ ಆ ಮನೆಯ ಹೆಂಗಸರನ್ನು ಕರೆದು, ತುಂಬಿದ ಕೊಡವನ್ನು ಅವರ ಸೊಂಟಕ್ಕೆ ಕೊಟ್ಟು ಗೆರೆಗಳ ನಡುವೆ ನಡೆಸುವುದು.

"ಗೋಡೆ ಐತೆ ಅನ್ಕಂಡು ನಡೀರಿ ಯವ್ವಾ. ನಾಚ್ಕೋಬ್ಯಾಡ್ರಿ, ದಿನಾ ನಡಿಯೋರು ನೀವೇ."

ಕೊಡ ಗೆರೆ ದಾಟಿತೋ, ಅಂಗಾಲಿನಿಂದ ಆ ಗೆರೆಯನ್ನು ಅಳಿಸಿ ಇನ್ನೊಂದು ಎಳೆಯುವರು. "ನೀರು ಚೆಲ್ಲಿದ ಕಡೆ ಗೋಡೆ ಸರೀಬೇಕು, ಹೆಂಗಸು ಸರೀಬಾರ್ದು" ಎನ್ನುವುದು ಅವರ ಮಾತು. ಮೇಸ್ತ್ರಿಗಳು ಹಿಂದಿನಿಂದ ನಗುತ್ತಿದ್ದರು. ಆದರೆ ಪಾರ್ವತಕ್ಕ ಮಾಡಿದ ಅಡಿಗೆಮನೆಯಲ್ಲಿ ಹೊಗೆ ಎಂದೂ ಕಟ್ಟಿಕೊಳ್ಳಲಿಲ್ಲ.

ಅವರು ದಾವಣಗೆರೆಯ ಹತ್ತಿ ವ್ಯಾಪಾರಿಯೊಬ್ಬರ ಮಗಳು. ಮುಂಬಯಿಯ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಕಟ್ಟಡ ಕಟ್ಟುವ ವಿದ್ಯೆ ಕಲಿತವರು. ತಂದೆಗೆ ಲಕ್ವ ಹೊಡೆಯಿತೆಂದು ಊರಿಗೆ ಮರಳಿದವರು. ಐವತ್ತರ ದಶಕದ ನಮ್ಮೂರಿನಲ್ಲಿ ಆರ್ಕಿಟೆಕ್ಟ್ ಎಂಬ ಪದವೇ ಯಾರ ನಾಲಿಗೆಯಲ್ಲೂ ಹೊರಳುತ್ತಿರಲಿಲ್ಲ. ಮನೆ ಕಟ್ಟಿಸುವವರು ನಕ್ಷೆಯನ್ನು ಮೆಚ್ಚುವರು, ಮೂಲೆಯಲ್ಲಿದ್ದ ಹೆಸರು ನೋಡಿ ಮಡಿಚಿ ಕೊಡುವರು. "ಹೆಣ್ಮಗಳ ಹೆಸ್ರಲ್ಲಿ ಪಾಯ ತೋಡಿದ್ರೆ ನಾಕು ಜನ ನಗ್ತಾರವ್ವ. ಯಾರಾದ್ರೂ ಗಂಡಸ್ರ ಸಹಿ ಹಾಕ್ಸು."

ಆ ಗಂಡಸು ನಾನು. ಡಿಪ್ಲೊಮಾ ಮುಗಿಸಿ, ಚೌಕಿಪೇಟೆಯ ಮಹಡಿಯೊಂದರಲ್ಲಿ ಬೋರ್ಡು ನೇತುಹಾಕಿ ನೊಣ ಹೊಡೆಯುತ್ತ ಕೂತಿದ್ದವನು. ಪಾರ್ವತಕ್ಕ ಬರೆದರು, ನಾನು ಸಹಿ ಹಾಕಿದೆ. ನಾಲ್ಕೈದು ಮನೆ ಎದ್ದ ಮೇಲೆ ಬಜಾರಿನಲ್ಲಿ ನನಗೆ ನಮಸ್ಕಾರಗಳು ಬೀಳತೊಡಗಿದವು. ಅವರ ಮನೆಗೆ ಹೋದರೆ, "ಬರ್ರಿ ಸಹಿ ಸಾಹೇಬ್ರೆ, ಕೂಡ್ರಿ" ಎಂದು ಚೇಷ್ಟೆ ಮಾಡುವರು. ನಾನೂ ಹಲ್ಲು ಕಿರಿಯುತ್ತಿದ್ದೆ. ನಾಚಿಕೆ ಆಗ ಬರಬೇಕಿತ್ತು, ಈಗ ಬಂದಿದೆ.

ಊರಿನವರು ಬೆನ್ನ ಹಿಂದೆ ಅವರಿಗಿಟ್ಟ ಹೆಸರು "ಅಡಿಗೆಮನೆ ಎಂಜಿನೇರಮ್ಮ". ಒಲೆ, ಬಚ್ಚಲು, ಉಗ್ರಾಣ ಎಂದರೆ ಅವರನ್ನು ಕೇಳುವರು. ಮಿಲ್ಲು, ಥಿಯೇಟರು ಎಂದರೆ ಬೇರೆ ಊರಿನಿಂದ ಗಂಡಸರು ಬರುವರು. "ಮಿಲ್ಲಿಗೆ ನನ್ನ ಯಾಕ ಕರೆಯಲ್ಲ ಸಾಹೇಬ್ರೆ? ಅಲ್ಲಿ ಗೋಡೆ ಇರಲ್ಲೇನು?" ಎಂದು ಒಮ್ಮೆ ಕೇಳಿದರು. ಅವರ ಕೋಣೆಯ ಟ್ರಂಕಿನಲ್ಲಿ ಯಾರೂ ಕೇಳದ ಕಟ್ಟಡಗಳ ನಕ್ಷೆಗಳಿದ್ದವು: ಒಂದು ವಾಚನಾಲಯ, ಒಂದು ಬಸ್ ನಿಲ್ದಾಣ, ಕಿಟಕಿಗಳೇ ತುಂಬಿದ ಒಂದು ಶಾಲೆ.

ಅಷ್ಟರಲ್ಲಿ ಹರಿಹರದ ಸಾಹುಕಾರರೊಬ್ಬರು ತಾಯಿಯ ನೆನಪಿಗೆ ಹೊಳೆಯ ದಂಡೆಯಲ್ಲಿ ಛತ್ರ ಕಟ್ಟಿಸುತ್ತೇನೆಂದು ನನ್ನ ಬಳಿ ಬಂದರು. ನಾನು ಎಂದಿನಂತೆ ಪಾರ್ವತಕ್ಕನಿಗೆ ದಾಟಿಸಿದೆ. ಅವರು ಎಷ್ಟೋ ಬೆಳಿಗ್ಗೆ ರೈಲು ಹತ್ತಿ ಹರಿಹರಕ್ಕೆ ಹೋಗಿ ಸ್ನಾನದ ಮೆಟ್ಟಿಲ ಮೇಲೆ ಕೂತು ನೋಡಿದರು. ಒದ್ದೆ ಸೀರೆಯ ಹೆಂಗಸರು ಎಲ್ಲಿ ಮರೆ ಹುಡುಕುತ್ತಾರೆ, ಕೂಸನ್ನು ಎಲ್ಲಿ ಮಲಗಿಸುತ್ತಾರೆ, ಕೊಡ ಎಲ್ಲಿ ಇಳಿಸುತ್ತಾರೆ. ಕೊನೆಗೆ ಬರೆದ ನಕ್ಷೆಯಲ್ಲಿ ಹೊಳೆಯ ಕಡೆ ಹೆಂಗಸರದೇ ಬಾಗಿಲು, ಹೊರಗಿನವರ ಕಣ್ಣಿಗೆ ಬೀಳದಂತೆ ತಿರುವು ತೆಗೆದುಕೊಂಡ ಅಗಲವಾದ ಓಣಿ, ಓಣಿಯ ಕೊನೆಗೆ ಬಿಸಿಲು ಬೀಳುವ ಅಂಗಳ. ಅಂಥ ನಕ್ಷೆಯನ್ನು ನಾನು ಜನ್ಮದಲ್ಲಿ ಬರೆಯಲಾರೆ.

"ಇದೊಂದರ ಮ್ಯಾಲೆ ನನ್ನ ಹೆಸ್ರು ಇರ್ಲಿ ಸಾಹೇಬ್ರೆ," ಎಂದರು. ಅವತ್ತು ಚೇಷ್ಟೆ ಇರಲಿಲ್ಲ. "ನಿಮ್ದೂ ಇರ್ಲಿ, ಬ್ಯಾಡ ಅನ್ನಲ್ಲ. ಕಲ್ಲಿನ ಮ್ಯಾಲೆ ನಂದೂ ಒಂದು ಸಾಲು. ನಾ ಹೇಳಿದ್ರೆ ಕೇಳಲ್ಲ, ಸಾಹುಕಾರ್ರಿಗೆ ನೀವೇ ಹೇಳ್ಬೇಕು."

"ಹೇಳ್ತೀನಕ್ಕ," ಎಂದೆ.

ಪಾಯದ ಪೂಜೆಯ ದಿನ "ಗಂಡಸ್ರ ನಡುವೆ ಆಯಮ್ಮ ಯಾಕ" ಎಂದು ಸಾಹುಕಾರರು ಹೇಳಿ ಕಳಿಸಿದ್ದರಿಂದ ನಾನೊಬ್ಬನೇ ಹೋದೆ. ಪಾರ್ವತಕ್ಕನ ಹಾಗೆಯೇ ಸುಣ್ಣ ಎಳೆದೆ. ಮುಂದಿನ ಪಡಸಾಲೆ ಎರಡು ಅಡಿ ಅಗಲವಾಗಬೇಕು ಎಂದರು ಸಾಹುಕಾರರು. ಆ ಎರಡು ಅಡಿಯನ್ನು ಹೆಂಗಸರ ಓಣಿಯಿಂದ ಕಿತ್ತುಕೊಟ್ಟೆ. ಓಣಿಯಲ್ಲಿ ನಾನು ನಡೆದೆ, ಮೇಸ್ತ್ರಿ ನಡೆದ, ಸಾಹುಕಾರರೂ ನಡೆದರು. "ಧಾರಾಳ ಐತಲ್ರಿ!" ಎಂದರು. ಮೂವರೂ ಬರಿಗೈ ಬೀಸಿಕೊಂಡು ನಡೆದಿದ್ದೆವು.

ಹೆಸರಿನ ಮಾತೆತ್ತಲು ಬಾಯಿ ತೆರೆದೆ. ಅಷ್ಟರಲ್ಲಿ ಸಾಹುಕಾರರು ನನ್ನ ತಲೆಗೆ ಜರಿ ರುಮಾಲು ಸುತ್ತಿಸಿದರು. ತೆರೆದ ಬಾಯಿಗೆ ಯಾರೋ ಸಕ್ಕರೆ ಹಾಕಿದರು, ನುಂಗಿದೆ.

ಛತ್ರ ತೆರೆದ ದಿನ ಪಾರ್ವತಕ್ಕ ಬಂದರು. ಹೆಬ್ಬಾಗಿಲಿನ ಕಲ್ಲಿನಲ್ಲಿ ಸಾಹುಕಾರರ ತಾಯಿಯ ಹೆಸರಿತ್ತು, ಅದರ ಕೆಳಗೆ ನನ್ನದು. ಅದರ ಮುಂದೆ ಒಂದು ಗಳಿಗೆ ನಿಂತು ಒಳಗೆ ಹೋದರು. ಹೊಳೆಯಿಂದ ಬಂದ ಹೆಂಗಸೊಬ್ಬಳ ಕೊಡವನ್ನು ಕೇಳಿ ತಮ್ಮ ಸೊಂಟಕ್ಕಿಟ್ಟುಕೊಂಡು ಓಣಿಯಲ್ಲಿ ನಡೆದರು. ತಿರುವಿನಲ್ಲಿ ಕೊಡ ಗೋಡೆಗೆ ಠಣ್ಣೆಂದು ಬಡಿದು ಸೀರೆಯೆಲ್ಲ ನೆನೆಯಿತು.

"ಕೊಡ ಹೊತ್ತು ನೋಡ್ಲಿಲ್ಲೇನ್ರಿ?" ಎಂದರು. ಅಷ್ಟೇ. ಹೆಸರಿನ ವಿಷಯ ಕೇಳಲೇ ಇಲ್ಲ. ಕೇಳಿದರೆ ಹೇಳಲೆಂದು ನಾನೊಂದು ಸುಳ್ಳನ್ನು ಸಿದ್ಧ ಮಾಡಿಕೊಂಡು ಬಂದಿದ್ದೆ.

ಆಮೇಲೆ ಅವರಿಂದ ನಕ್ಷೆ ಬರಲಿಲ್ಲ. ಅದೇ ವರ್ಷ ಅವರ ತಂದೆ ತೀರಿಕೊಂಡರು, ಪಾರ್ವತಕ್ಕ ಮುಂಬಯಿಗೆ ಹೊರಟರು. ದಾವಣಗೆರೆಯ ಸ್ಟೇಷನ್ನಿಗೆ ಹೋಗಿ ಕಂಡೆ. ಬಟ್ಟೆಯ ಗಂಟು ಕೂಲಿಯ ತಲೆ ಮೇಲಿತ್ತು. ನಕ್ಷೆಗಳ ಟ್ರಂಕನ್ನು ಮಾತ್ರ ತಾವೇ ಹಿಡಿದಿದ್ದರು. ಕ್ಷಮೆ ಕೇಳಬೇಕೆಂದು ಹೋದವನು "ಅಲ್ಲಿ ಮಳೆ ಜಾಸ್ತಿಯಂತೆ" ಎಂದೇನೋ ಅಂದೆ. "ಬರ್ತೀನ್ರಿ ಎಂಜಿನೇರ್ರೆ" ಎಂದರು. ಸಹಿ ಸಾಹೇಬ ಎನ್ನಲಿಲ್ಲವಲ್ಲ ಎಂದು ಮನೆಯವರೆಗೂ ಸಂಕಟಪಟ್ಟೆ. ಮತ್ತೆ ಅವರನ್ನು ಕಾಣಲಿಲ್ಲ. ಅಲ್ಲಿ ಯಾರದೋ ಆಫೀಸಿನಲ್ಲಿ ಬೇರೆಯವರ ನಕ್ಷೆಗಳನ್ನು ತಿದ್ದುವ ಕೆಲಸದಲ್ಲಿದ್ದರಂತೆ. ಎಷ್ಟೋ ವರ್ಷಗಳ ಮೇಲೆ ಒಂದು ದಿನ ಅವರ ಸಾವಿನ ಸುದ್ದಿ ಬಂತು.

ಸುದ್ದಿ ಬಂದ ವಾರ ಹರಿಹರಕ್ಕೆ ಹೋದೆ. ಓಣಿಯ ತಿರುವಿನಲ್ಲಿ ಸೊಂಟದೆತ್ತರಕ್ಕೆ ಗಾರೆ ಕಿತ್ತು ಇಟ್ಟಿಗೆ ಕಾಣುತ್ತಿತ್ತು. ಕೊಡ ಹೊತ್ತ ಮುದುಕಿಯೊಬ್ಬಳು ಏಡಿಯಂತೆ ಅಡ್ಡಡ್ಡ ಸರಿದು ದಾಟಿದಳು. "ಇದನ್ನ ಕಟ್ಟಿದೋನು ಒಂದಿನಾನಾದ್ರೂ ಕೊಡ ಹೊತ್ತಿದ್ನೇನು!" ಎಂದು ಬೈದು, ಅಂಗಳದ ಬಿಸಿಲಿನಲ್ಲಿ ಕೊಡ ಇಳಿಸಿ ಕಾಲು ಚಾಚಿದಳು. "ಈ ಅಂಗಳ ಮಾತ್ರ ಪುಣ್ಯಾತ್ಮ ಚೆಂದ ಮಾಡ್ಯಾನೆ ನೋಡ್ರಿ."

"ಅಂಗಳ ಮಾಡಿದ್ದು ಒಬ್ಬ ಹೆಣ್ಮಗಳಮ್ಮ," ಎಂದೆ. "ಪಾರ್ವತಕ್ಕ ಅಂತ."

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕಳು. "ಸುಳ್ಳು ಯಾಕ ಹೇಳ್ತೀರಿ? ಹೊರಗ ಕಲ್ಲಿನ ಮ್ಯಾಲೆ ಗಂಡಸಿನ ಹೆಸ್ರು ಐತಲ್ರಿ. ನನ್ನ ಮಗಳೇ ಓದಿ ಹೇಳ್ಯಾಳೆ."

ಅದು ನನ್ನದೇ ಹೆಸರು ಎನ್ನಲು ಅವತ್ತೂ ನನಗೆ ಬಾಯಿ ಬರಲಿಲ್ಲ.