ಬೋಣಿ ರೇಟಿಗೆ ಹೋದ ಮಂಗಳಗಿರಿ ಸೀರೆಗಳು

ಒಂದೇ ಒಂದು ಸೀರೆಯೂ ಉಳಿಯದ ಹಾಗೆ ಮಾರಿದ ಆ ಮಾರಾಟ ನನಗೆ ಹದಿನೆಂಟು ಸಾವಿರ ರೂಪಾಯಿ ಖರ್ಚು ತಂದಿತು. ಸೀರೆ ಹರಿದಿರಲಿಲ್ಲ, ಬಣ್ಣ ಬಿಟ್ಟಿರಲಿಲ್ಲ, ಯಾರೂ ಕದ್ದಿರಲಿಲ್ಲ. ಮಾರಲು ನಿಂತವಳು ನಾನು ಎಂಬುದೊಂದೇ ಕಾರಣ.

ನಾನು ದಾವಣಗೆರೆಯವಳು. ತೆಲುಗಿನವರ ಮನೆಗೆ ಸೊಸೆಯಾಗಿ ವಿಜಯವಾಡಕ್ಕೆ ಬಂದೆ. ಒನ್ ಟೌನಿನ ಸಗಟು ಬಟ್ಟೆ ಅಂಗಡಿಗಳ ಮುಂದೆ ಮಡಚುವ ಮೇಜಿನ ಮೇಲೆ ಬ್ಲೌಸ್ ಪೀಸ್ ಹರಡಿಕೊಂಡು ವ್ಯಾಪಾರ ಶುರು ಮಾಡಿ, ಕೊನೆಗೆ ಅದೇ ಬೀದಿಯಲ್ಲಿ ಸ್ವಂತ ಅಂಗಡಿಯ ಷಟರ್ ಎತ್ತಿದೆ. ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಬೀದಿಯೇ ಹೇಳುತ್ತಿತ್ತು. ಬೀದಿ ಹೇಳದ ದಿನ ನಾನೇ ಹೇಳುತ್ತಿದ್ದೆ. ಅಂಗಡಿಯನ್ನು ಮಗನಿಗೆ ಬಿಟ್ಟು ವಿಶಾಖಪಟ್ಟಣಕ್ಕೆ ಬಂದು ಮಗಳ ಮನೆಯ ಹತ್ತಿರ ನೆಲೆಸಿದ ಮೇಲೆ ಕೈಗೆ ಕೆಲಸವಿಲ್ಲದಂತಾಯಿತು. ಒಂದು ಕಟ್ಟು ಕೊತ್ತಂಬರಿಗೆ ಎಷ್ಟು ಹೊತ್ತು ಅಂತ ಚೌಕಾಸಿ ಮಾಡುವುದು? ರೈತು ಬಜಾರಿನಲ್ಲಿ ನಾನು ಬರುವುದು ಕಂಡರೆ ಸೊಪ್ಪಿನವಳು ಫೋನು ಕಿವಿಗಿಟ್ಟುಕೊಂಡು ಆಚೆ ತಿರುಗುತ್ತಿದ್ದಳು.

ಆಗ ಸಿಕ್ಕಿದ್ದು ಹೆಂಗಸರ ಒಂದು ಗುಂಪು. ನೌಕಾಪಡೆಯವರ ಹೆಂಡತಿಯರು ಕೆಲವರು, ಊರಿನವರು ಕೆಲವರು. ಅದನ್ನು ನಡೆಸುತ್ತಿದ್ದವಳು ತುಮಕೂರು ಕಡೆಯವಳು. ಗಂಡ ಹಡಗಿನ ಮೇಲೆ, ಇವಳು ಸದಾ ಸ್ಕೂಟರಿನ ಮೇಲೆ. ಊರಾಚೆಯ ಅಚ್ಯುತಾಪುರಂ ಕಾರ್ಖಾನೆಗಳಲ್ಲಿ ದುಡಿಯುವ ತಾಯಂದಿರ ಕೂಸುಗಳನ್ನು ನೋಡಿಕೊಳ್ಳಲು ಅಲ್ಲೇ ಎರಡು ಕೋಣೆಯ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದರು. ಮಕ್ಕಳಿಗೆ ಕಾರ್ಖಾನೆಗಳೇ ಜಾಗ ಮಾಡಿಕೊಡಬೇಕು ಎಂದು ಸಹಿ ಸಂಗ್ರಹಿಸುವುದು, ಮನವಿ ಕೊಡುವುದು ಒಂದು ಕಡೆ. ಅದು ಆಗುವ ತನಕ ಈ ಎರಡು ಕೋಣೆಗೆ ಬಾಡಿಗೆ, ಹಾಲು, ಆಯಾಳ ಸಂಬಳ ಹೊಂದಿಸುವುದು ಇನ್ನೊಂದು ಕಡೆ.

ನಾನು ಸೇರಿದ ಕೆಲವೇ ದಿನಗಳಲ್ಲಿ ಮನೆಯ ಓನರಮ್ಮ ಹೇಳಿ ಕಳಿಸಿದಳು. ಯಾರೋ ಕಂಟ್ರಾಕ್ಟರು ತನ್ನ ಕೆಲಸಗಾರರ ಮೆಸ್ಸಿಗೆ ಅದೇ ಮನೆ ಕೇಳುತ್ತಿದ್ದಾನೆ, ಮೂರು ತಿಂಗಳ ಅಡ್ವಾನ್ಸ್ ಕೊಡುತ್ತಾನೆ. ತಿಂಗಳ ಕೊನೆಯೊಳಗೆ ನೀವೂ ಅಷ್ಟೇ ಕೊಟ್ಟರೆ ಇರಿ, ಇಲ್ಲದಿದ್ದರೆ ಖಾಲಿ ಮಾಡಿ ಎಂದು. ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಹೆದರಿದವಳು ಸೀಗಡಿ ಪ್ಯಾಕಿಂಗಿನಲ್ಲಿದ್ದ ಒಬ್ಬ ತಾಯಿ. ಅವಳ ಮಗಳಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಗಂಡನಿಗೂ ಅದೇ ಹೊತ್ತಿನ ಶಿಫ್ಟು, ಮನೆಯಲ್ಲಿ ಬೇರೆ ಯಾರೂ ಇಲ್ಲ. "ಇದು ಮುಚ್ಚಿದ್ರೆ ನಾನು ಕೆಲಸ ಬಿಡೋದೇ ಅಮ್ಮಾ. ಒಂದ್ಸಲ ಬಿಟ್ಟರೆ ಮತ್ತೆ ಒಳಗೆ ತಗೊಳ್ಳಲ್ಲ," ಎಂದಿದ್ದಳು. ನಮ್ಮೆಲ್ಲರ ಸಭೆಗೂ ಚರ್ಚೆಗೂ ಅರ್ಥವಿದ್ದದ್ದು ಆ ಒಂದು ಮಾತಿನಲ್ಲಿ.

ವಿಜಯವಾಡದ ಪಕ್ಕದ ಮಂಗಳಗಿರಿಯಿಂದ ಕೈಮಗ್ಗದ ಸೀರೆ ತಂದು ಮಾರಿ ಲಾಭದಲ್ಲಿ ಅಡ್ವಾನ್ಸ್ ಕೊಡೋಣ ಎಂದು ತೀರ್ಮಾನವಾಯಿತು. ಖರೀದಿ ಯಾರು ಮಾಡಬೇಕು ಎಂಬ ಪ್ರಶ್ನೆ ಮುಗಿಯುವ ಮೊದಲೇ ನಾನು ಎದ್ದು ನಿಂತಿದ್ದೆ. ನಿಂತವಳು ಕೂರಲಿಲ್ಲ, ಒಂದು ಭಾಷಣ ಮಾಡಿದೆ. ಕೊಳ್ಳುವವರು ಯಾತಕ್ಕೆ ಕೊಳ್ಳುತ್ತಿದ್ದೇವೆ ಎಂದು ಬಾಯಿ ಬಿಡಬಾರದು, ಅಗತ್ಯ ಗೊತ್ತಾದ ಕ್ಷಣ ಬೆಲೆ ಏರುತ್ತದೆ, ಇದು ಒನ್ ಟೌನಿನ ಮೊದಲ ಪಾಠ ಎಂದೆಲ್ಲ. ಪಾಪ, ಎಲ್ಲರೂ ತಲೆಯಾಡಿಸಿದರು.

ಮಂಗಳಗಿರಿಯಲ್ಲಿ ಆ ಪಾಠವನ್ನು ಚಾಚೂ ತಪ್ಪದೆ ಪಾಲಿಸಿದೆ. ನನ್ನ ಪರಿಚಯದ ನೇಕಾರರ ಮನೆಯಲ್ಲಿ ಕೂತು, ನನ್ನ ಅಂಗಡಿಗೇ ಎಂಬ ಹಾಗೆ ಮುಖ ಮಾಡಿಕೊಂಡು, ಅಂಚು ಸಣ್ಣದಾಯಿತು ಎಂದು ಮೂಗು ಮುರಿದು, ಎರಡು ಸಲ ಚಪ್ಪಲಿ ಮೆಟ್ಟಿ, ಎರಡು ಸಲ ಬಿಚ್ಚಿ, ನನಗೆ ಸರಿಕಂಡ ಬೆಲೆಗೆ ಇಳಿಸಿದೆ. ಮುಖ ನೋಡಿ ಉದ್ರಿ ಕೊಟ್ಟರು, ಮಾರಿ ಬಂದ ಮೇಲೆ ಹಣ ಕಳಿಸಿದರೆ ಸಾಕು ಎಂದರು. ರೈಲಿನಲ್ಲಿ ಗಂಟುಗಳ ಪಕ್ಕ ಕೂತು ವಿಶಾಖಪಟ್ಟಣಕ್ಕೆ ಬರುವಾಗ ಎದುರಿನ ಸೀಟಿನ ಅಪರಿಚಿತರಿಗೂ ಚೌಕಾಸಿ ಹೇಗೆ ಮಾಡಬೇಕೆಂದು ಹೇಳಿಕೊಡುತ್ತಾ ಬಂದೆ. ಅವರು ಕೇಳಿರಲಿಲ್ಲ.

ಮಾರಾಟಕ್ಕೆ ನೌಕಾಪಡೆಯ ಕ್ವಾರ್ಟರ್ಸಿನ ಹತ್ತಿರ ಒಂದು ಹಾಲ್ ಹಿಡಿದಿದ್ದೆವು. ತುಮಕೂರಿನವಳು ಕೂಸುಗಳ ಚಿತ್ರವಿದ್ದ ಒಂದು ದೊಡ್ಡ ಬ್ಯಾನರ್ ಮಾಡಿಸಿ ಗೋಡೆಗೆ ಕಟ್ಟಿಸಿದ್ದಳು. ಆ ಗೋಡೆಗೆ ಬೆಳಕು ಚೆನ್ನಾಗಿ ಬೀಳುತ್ತಿತ್ತು. ಬೆಳಕು ಬೀಳುವ ಗೋಡೆಯನ್ನು ಬ್ಯಾನರಿಗೆ ಬಿಡುವ ವ್ಯಾಪಾರಿ ಯಾವಳು? ಒಳ್ಳೊಳ್ಳೆಯ ಅಂಚಿನ ಸೀರೆಗಳನ್ನೆಲ್ಲ ಅದರ ಮೇಲೆ ಇಳಿಬಿಟ್ಟೆ. ಒಂದು ಮಗುವಿನ ಅಂಗಾಲು ಮಾತ್ರ ಕೆಳಗೆ ಕಾಣುತ್ತಿತ್ತು. ಅಷ್ಟು ಹೊತ್ತಿಗೆ ಅವಳು ಸಹಿ ಸಂಗ್ರಹದ ಮೇಜು ಹಾಕಿಕೊಂಡು ಗೇಟಿನ ಹತ್ತಿರ ಹೋಗಿದ್ದಳು. ಒಳಗಿನ ರಾಜ್ಯ ನನ್ನದು.

ಮೊದಲ ಗಿರಾಕಿ ಬಂದಳು. ಕ್ವಾರ್ಟರ್ಸಿನ ಹೆಂಗಸು, ತೆಳುವಾದ ಹಸಿರು ಸೀರೆಯೊಂದನ್ನು ಎತ್ತಿ ನೋಡಿ ಬೆಲೆ ಕೇಳಿದಳು. ಚೀಟಿಯಲ್ಲಿದ್ದ ಬೆಲೆ ಹೇಳಿದೆ. ಜಾಸ್ತಿಯಾಯಿತು ಎಂದು ಸೀರೆ ಕೆಳಗಿಟ್ಟು ಬಾಗಿಲ ಕಡೆ ಹೆಜ್ಜೆ ಇಟ್ಟಳು.

ಇಲ್ಲಿ ನನ್ನ ಕಸುಬಿನ ಒಂದು ವಿಷಯ ಹೇಳಬೇಕು. ದಿನದ ಮೊದಲ ವ್ಯಾಪಾರ ಬೋಣಿ. ಬೋಣಿಯ ಗಿರಾಕಿ ಬರಿಗೈಯಲ್ಲಿ ಹೋದರೆ ಆ ದಿನವೇ ಕೆಟ್ಟಿತು ಎಂದು ನಮ್ಮ ಬೀದಿಯಲ್ಲಿ ಎಲ್ಲರೂ ನಂಬುತ್ತಾರೆ. ಅಸಲಿಗೇ ಆದರೂ ಕೊಟ್ಟು ಕಳಿಸುತ್ತಾರೆ. ನಾನು ಕೊಳ್ಳುವವಳಾಗಿದ್ದಾಗ ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಆ ನಂಬಿಕೆಯನ್ನೇ ಸುಲಿದು ತಿಂದವಳು. ಮಾರುವವಳಾಗಿ ನಿಂತಾಗ ಆ ನಂಬಿಕೆಗೆ ನಾನೇ ಸಿಕ್ಕಿಬಿದ್ದೆ. ಅವಳನ್ನು ಕೂಗಿ ಕರೆದು, ಅಸಲಿನ ಮೇಲೆ ಹತ್ತು ರೂಪಾಯಿ ಇಟ್ಟುಕೊಂಡು ಸೀರೆ ಕೊಟ್ಟೆ. ಬಂದ ನೋಟನ್ನು ಕಣ್ಣಿಗೊತ್ತಿಕೊಂಡೆ ಕೂಡ.

ಅವಳು ಹೊರಗೆ ಹೋಗಿ ಸೀರೆಯ ಫೋಟೋ ಹಿಡಿದು, ಕೆಳಗೆ ಬೆಲೆ ಬರೆದು, ಕ್ವಾರ್ಟರ್ಸಿನ ವಾಟ್ಸಾಪ್ ಗುಂಪಿಗೆ ಹಾಕಿದಳು. ಟೀ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಹಾಲ್ ತುಂಬಿತ್ತು. ಪ್ರತಿಯೊಬ್ಬರೂ ಫೋನು ನನ್ನ ಮುಖಕ್ಕೆ ಹಿಡಿದು ಅದೇ ಬೆಲೆ ಕೇಳಿದರು. ಅದು ಬೋಣಿ ರೇಟು ಎಂದೆ. "ಅವರಿಗೊಂದು ರೇಟು, ನಮಗೊಂದು ರೇಟಾ ಆಂಟಿ?" ಎಂದಳೊಬ್ಬಳು. ಇಷ್ಟು ವರ್ಷದ ವ್ಯಾಪಾರದಲ್ಲಿ ನಾನು ಸಹಿಸದ ಮಾತು ಅದೊಂದೇ. ಸಾಲದ್ದಕ್ಕೆ ಗಿರಾಕಿ ಮುತ್ತಿಕೊಂಡರೆ ನನಗೆ ಮತ್ತು ಏರುತ್ತದೆ. ಮಡಚಿದೆ, ಕೊಟ್ಟೆ, ಮಡಚಿದೆ, ಕೊಟ್ಟೆ. ಮಧ್ಯಾಹ್ನ ಊಟದ ಹೊತ್ತಿಗೆ ಗೋಡೆಯ ಮೇಲಿನ ಕೊನೆಯ ಸೀರೆ ಇಳಿಯಿತು. ಬ್ಯಾನರಿನ ಕೂಸುಗಳೆಲ್ಲ ಒಟ್ಟಿಗೆ ನನ್ನನ್ನು ನೋಡಿದವು.

ಸಹಿಯ ಹಾಳೆಗಳನ್ನು ಹಿಡಿದು ಒಳಗೆ ಬಂದ ತುಮಕೂರಿನವಳು ಖಾಲಿ ಮೇಜು ನೋಡಿ ನನ್ನನ್ನು ತಬ್ಬಿಕೊಂಡಳು. ಆಮೇಲೆ ಹಣದ ಡಬ್ಬಿ ತೆರೆದು ಲೆಕ್ಕ ಮಾಡಿದಳು. ನೇಕಾರರಿಗೆ ಕೊಡಬೇಕಾದ್ದು, ಹಾಲ್ ಬಾಡಿಗೆ, ಆಟೋ, ಎಲ್ಲರೂ ತಿಂದ ಇಡ್ಲಿ ಕಳೆದರೆ ಉಳಿದದ್ದರಲ್ಲಿ ಇನ್ನೊಂದು ಸುತ್ತು ಇಡ್ಲಿಯೂ ಬರುತ್ತಿರಲಿಲ್ಲ.

"ಸೀರೆ ಎಲ್ಲ ಹೋಯ್ತಲ್ಲಕ್ಕ," ಎಂದಳು. "ದುಡ್ಡು ಎಲ್ಲೋಯ್ತು?"

ಬೋಣಿಯ ವಿಷಯ ಹೇಳಿದೆ. ಅವಳು ಬೈಯಲಿಲ್ಲ, ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಅಷ್ಟರಲ್ಲಿ ಆ ಹಸಿರು ಸೀರೆಯ ಮೊದಲ ಗಿರಾಕಿ, ಬ್ಲೌಸಿಗೆ ಬಟ್ಟೆ ಸಿಗುತ್ತದಾ ಎಂದು ಕೇಳಲು ವಾಪಸು ಬಂದವಳು, ಗೋಡೆ ನೋಡಿ ನಿಂತಳು. ಇದು ಮಕ್ಕಳಿಗಾಗಿಯಾ ಆಂಟಿ, ಮೊದಲೇ ಹೇಳಿದ್ದರೆ ನಾನು ಕಡಿಮೆ ಕೇಳುತ್ತಲೇ ಇರಲಿಲ್ಲ, ಎಂದಳು. ಅವಳ ದನಿಯಲ್ಲಿ ನಿಜವಾಗಿ ಬೇಸರವಿತ್ತು. ನಾನು ಬ್ಲೌಸಿನ ಬಟ್ಟೆ ಎಲ್ಲಿ ಅಗ್ಗ ಎಂದು ಸಲಹೆ ಕೊಟ್ಟು ಕಳಿಸಿದೆ. ಆ ಸ್ಥಿತಿಯಲ್ಲೂ.

ಉಳಿದ ದಾರಿ ಒಂದೇ: ಓನರಮ್ಮನ ಹತ್ತಿರ ಹೋಗಿ ಗಡುವು ಕೇಳುವುದು. ಮಾತು ನನಗೆ ಬಿಡು ಎಂದು ಸ್ಕೂಟರಿನ ಹಿಂದೆ ಕೂತೆ. ತುಮಕೂರಿನವಳು ಅಚ್ಯುತಾಪುರಂ ಕಡೆ ಗಾಡಿ ತಿರುಗಿಸಿದಳು.

ಓನರಮ್ಮ ಕೂಸುಗಳ ಕೋಣೆಯ ಮುಂದಿನ ಜಗಲಿಯಲ್ಲೇ ಕೂತಿದ್ದಳು, ನನಗಿಂತ ಹಿರಿಯಳು. ಒಳಗೆ ಆಯಾ ಒಬ್ಬ ಹುಡುಗನಿಗೆ ಅನ್ನ ತಿನ್ನಿಸುತ್ತಿದ್ದಳು. ಕೊಳ್ಳುವ ವಸ್ತುವನ್ನು ಮೊದಲು ಹಳಿಯಬೇಕು ಎಂಬುದು ನನ್ನ ಎರಡನೆಯ ಪಾಠ. ನಲ್ಲಿ ಸೋರುತ್ತದೆ, ಗೋಡೆ ಬಿರುಕು ಬಿಟ್ಟಿದೆ, ಹಿಂದಿನ ಚರಂಡಿ ನಾರುತ್ತದೆ, ಇಂಥ ಮನೆಗೆ ಮೂರು ತಿಂಗಳ ಅಡ್ವಾನ್ಸ್ ಯಾರು ಕೊಡುತ್ತಾರೆ ಎಂದು ತೆಲುಗಿನಲ್ಲಿ ನಿರರ್ಗಳವಾಗಿ ಶುರು ಮಾಡಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಅಷ್ಟು ಕೆಟ್ಟ ಮನೇಲಿ ಮಕ್ಕಳನ್ನ ಯಾಕಮ್ಮಾ ಮಲಗಿಸ್ತೀರಿ?" ಎಂದಳು.

ತುಮಕೂರಿನವಳು ಕನ್ನಡದಲ್ಲಿ, ನೆಲ ನೋಡುತ್ತಾ, "ಅಕ್ಕ, ಸಾಕು ಸುಮ್ನಿರಿ," ಎಂದಳು.

ಅಷ್ಟರಲ್ಲಿ ಶಿಫ್ಟು ಬಿಟ್ಟು ಸೀಗಡಿ ಪ್ಯಾಕಿಂಗಿನ ಆ ತಾಯಿ ಬಂದಳು. ಹಣೆಯ ಮೇಲೆ ಟೋಪಿಯ ಎಲಾಸ್ಟಿಕ್ಕಿನ ಗೆರೆ ಇನ್ನೂ ಇತ್ತು. ಮಗಳನ್ನು ಎತ್ತಿಕೊಂಡು, ನಮ್ಮ ಮುಖಗಳನ್ನು ಗಮನಿಸದೆ, ಮುಂದಿನ ವಾರದಿಂದ ಬೆಳಗಿನ ಶಿಫ್ಟು ಹಾಕಿದ್ದಾರೆ, ಏಳಕ್ಕೆ ತಂದು ಬಿಡಬಹುದಾ ಎಂದು ಕೇಳಿದಳು. ತುಮಕೂರಿನವಳು ನನ್ನನ್ನು ನೋಡಿದಳು, ನಾನು ಓನರಮ್ಮನನ್ನು ನೋಡಿದೆ. ಓನರಮ್ಮ ನನ್ನನ್ನೇ ನೋಡುತ್ತಿದ್ದಳು. ಆಗ ಅರ್ಥವಾಗಿ ಆ ತಾಯಿ ಮಗುವಿನ ಬೆನ್ನು ತಟ್ಟುವುದನ್ನು ನಿಲ್ಲಿಸಿದಳು.

ವ್ಯಾಪಾರದಲ್ಲಿ ಎಂದೂ ಮಾಡದ ಕೆಲಸ ಮಾಡಿದೆ. ನಮ್ಮ ಹತ್ತಿರ ಹಣವಿಲ್ಲ ಎಂದೆ. ಯಾಕಿಲ್ಲ ಎಂದೂ ಹೇಳಿದೆ: ಮಂಗಳಗಿರಿ, ಬ್ಯಾನರು, ಹಸಿರು ಸೀರೆ, ಹತ್ತು ರೂಪಾಯಿ, ಎಲ್ಲ. ಈ ಮಗುವಿಗೆ ಈ ಜಾಗ ಬೇಕು, ನನ್ನಿಂದ ತಪ್ಪಾಗಿದೆ, ನೀವು ಏನು ಹೇಳಿದರೂ ಸರಿ ಎಂದೆ.

"ಬೋಣಿ ರೇಟು ಊರಿಗೆಲ್ಲ ಕೊಟ್ಟೆಯಾ?" ಎಂದ ಓನರಮ್ಮನಿಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡು, ಕೆಮ್ಮು ಬರುವ ತನಕ ನಕ್ಕಳು. ಒನ್ ಟೌನಿನಲ್ಲಿ ಹೆಸರು ಮಾಡಿದವಳು ನಾನು ಎಂದು ಹೇಳಿಕೊಂಡಿದ್ದು ಅವಳಿಗೆ ಇನ್ನಷ್ಟು ನಗು ತರಿಸಿತು. ಕೊನೆಗೆ ಕಣ್ಣೊರೆಸಿಕೊಂಡು, "ಒಂದು ತಿಂಗಳದ್ದು ಬಿಟ್ಟೆ ಹೋಗು. ಉಳಿದ ಎರಡು ತಿಂಗಳದ್ದು ಇವತ್ತೇ ಬೇಕು," ಎಂದಳು. ನನಗೇ ತಿಳಿಯದ ಹಾಗೆ, ಒಂದೂವರೆ ತಿಂಗಳದ್ದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ತುಮಕೂರಿನವಳು ನನ್ನ ಮೊಣಕೈ ಹಿಂಡಿದಳು. ಅಲ್ಲೇ ನಿಂತು ಫೋನಿನಲ್ಲಿ ನನ್ನ ಸ್ವಂತ ಖಾತೆಯಿಂದ ಹದಿನೆಂಟು ಸಾವಿರ ಕಳಿಸಿದೆ. ಹಣ ಬಂದದ್ದನ್ನು ಎರಡು ಸಲ ಖಾತ್ರಿ ಮಾಡಿಕೊಂಡು ಓನರಮ್ಮ ಆ ತಾಯಿಗೆ ಹೇಳಿದಳು, "ಏಳಕ್ಕೆ ತಂದು ಬಿಡು. ಬಾಗಿಲು ತೆಗೆಯೋಕೆ ಹೇಳ್ತೀನಿ." ಅವಳು ಮಗುವಿನ ಬೆನ್ನು ಮತ್ತೆ ತಟ್ಟತೊಡಗಿದಳು.

ನಾನು ಈಗಲೂ ಆ ಗುಂಪಿನಲ್ಲಿದ್ದೇನೆ. ಗೇಟಿನ ಹತ್ತಿರದ ಸಹಿ ಮೇಜಿಗೆ ಹಾಕಿದ್ದಾರೆ. ಅಲ್ಲಿ ಮಾರುವುದಕ್ಕೆ ಏನೂ ಇಲ್ಲ.

ನೀವೂ ಇಂಥ ಮಾರಾಟ ನಡೆಸುವವರಾದರೆ, ಕೇಳದಿದ್ದರೂ ನಾಲ್ಕು ಮಾತು ಹೇಳುತ್ತೇನೆ. ಬಾಗಿಲು ತೆಗೆಯುವ ಮೊದಲು ನಿಮ್ಮವರೇ ಒಬ್ಬರು ಪೂರ್ತಿ ಬೆಲೆ ಕೊಟ್ಟು ಒಂದು ವಸ್ತು ಕೊಂಡುಬಿಡಲಿ. ಬೋಣಿಯೂ ಆಯಿತು, ನಂಬುವವರ ಮನಸ್ಸಿಗೂ ಸಮಾಧಾನ. ಬೆಲೆಯ ಚೀಟಿಯ ಮೇಲೆ ಹಣ ಎಲ್ಲಿಗೆ ಹೋಗುತ್ತದೆ ಎಂದು ಒಂದು ಸಾಲು ಬರೆಯಿರಿ, ಫೋಟೋ ತೆಗೆದರೆ ಅದೂ ಜೊತೆಗೆ ಹೋಗುತ್ತದೆ. ಕೊಳ್ಳುವಾಗಲೂ ಕಾರಣ ಮುಚ್ಚಿಡಬೇಡಿ. ಆ ನೇಕಾರರಿಗೆ ಆಮೇಲೆ ವಿಷಯ ತಿಳಿಸಿದಾಗ, ಮಕ್ಕಳಿಗೆ ಅಂದಿದ್ದರೆ ಇನ್ನೂ ನಾಲ್ಕು ಸೀರೆ ಸುಮ್ಮನೆ ಸೇರಿಸುತ್ತಿದ್ದೆವಲ್ಲಮ್ಮಾ ಎಂದರು. ಮನೆಯ ಮಾಲೀಕರ ಹತ್ತಿರ ಹೋದಾಗ ಚರಂಡಿಯ ಮಾತು ಎತ್ತಬೇಡಿ. ಇನ್ನು ನಿಮ್ಮ ಗುಂಪಿನಲ್ಲಿ ನನ್ನಂಥ ಹಳೆಯ ವ್ಯಾಪಾರಿ ಇದ್ದರೆ ಖರೀದಿಗೆ ಕಳಿಸಿ, ಲೆಕ್ಕ ನೋಡಲು ಕೂರಿಸಿ, ಟೀ ತರಲು ಓಡಿಸಿ. ಗಲ್ಲಾದ ಹಿಂದೆ ಮಾತ್ರ, ಸಂಕೋಚದ ಸ್ವಭಾವದ, ಬೆಲೆ ಇಳಿಸಲು ನನಗೆ ಅಧಿಕಾರವಿಲ್ಲ ಎಂದು ಮೆಲ್ಲಗೆ ಹೇಳುವ ಒಬ್ಬರನ್ನು ನಿಲ್ಲಿಸಿ.